ಗೇಟಿನ ಒಳಗಿನ ಊಟ

1934ರಲ್ಲಿ, ಅಮೆರಿಕದ ತುಂಬ ಕೆಲಸವಿಲ್ಲದವರೇ ಓಡಾಡುತ್ತಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕಿನಲ್ಲಿ ಕಾರ್ಡೀಲಿಯಾ ನಾಟ್ ಎಂಬ ರೈತ ಗೃಹಿಣಿ ಎಂಟು ಜನರಿಗೆ ಕೋಳಿ ಊಟ ಬಡಿಸಿದರು. ಹೋಟೆಲಿನ ತಟ್ಟೆಗಳಿರಲಿಲ್ಲ. ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳನ್ನೇ ತೆಗೆದು ತೊಳೆದು ಇಟ್ಟರು. ಊಟಕ್ಕೆ 65 ಸೆಂಟು. ಅಷ್ಟಕ್ಕೆ ಕರಿದ ಕೋಳಿ, ಆಲೂಗಡ್ಡೆ, ತರಕಾರಿ, ಬಿಸಿ ಬಿಸ್ಕಟ್ಟು, ಕೊನೆಗೆ ಸಿಹಿಗೆ ಹಣ್ಣಿನ ಪೈ. ಹಣ್ಣು ಮನೆಯದೇ. ಗಂಡ ವಾಲ್ಟರ್ ನಾಟ್ ಗುತ್ತಿಗೆ ಜಮೀನಿನಲ್ಲಿ ಬೆರಿ ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದವರು. ರುಡಾಲ್ಫ್ ಬಾಯ್ಸನ್ ಎಂಬವರು ತಳಿ ಬೆರೆಸಿ ಕೈಬಿಟ್ಟಿದ್ದ, ಸಾಯುವುದರಲ್ಲಿದ್ದ ಒಂದಿಷ್ಟು ಬಳ್ಳಿಗಳನ್ನು ತಂದು ಬದುಕಿಸಿದ್ದು ಅವರೇ. ಇವತ್ತು ಬಾಯ್ಸನ್‌ಬೆರಿ ಎಂದು ಕರೆಯುವ ಹಣ್ಣು ಅದು.

ಊಟದ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಆರು ವರ್ಷ ಕಳೆಯುವಷ್ಟರಲ್ಲಿ ಒಂದು ಭಾನುವಾರಕ್ಕೆ ನಾಲ್ಕು ಸಾವಿರ ಊಟ ಹೋಗುವ ಮಟ್ಟ ಮುಟ್ಟಿತು. ಜನ ಗಂಟೆಗಟ್ಟಲೆ ಹೊರಗೆ ಕಾಯತೊಡಗಿದರು. ಹೋಟೆಲು ನಡೆಸಿದವರಿಗೆ ಗೊತ್ತು, ಕಾಯುವ ಗಿರಾಕಿ ಎಂದರೆ ಅರ್ಧ ಸಂತೋಷ, ಅರ್ಧ ಭಯ. ಮೊದಲ ಅರ್ಧ ಗಂಟೆ ಅವನು ವಾಸನೆ ಹೀರಿಕೊಂಡು ನಿಲ್ಲುತ್ತಾನೆ, ಆಮೇಲೆ ಪಕ್ಕದ ಬೀದಿಯ ಹೋಟೆಲು ನೆನಪಾಗುತ್ತದೆ. ವಾಲ್ಟರ್ ನಾಟ್ ಅವನನ್ನು ಹಿಡಿದಿಡಲು ಮೊದಲು ಕಲ್ಲಿನ ತೋಟ, ಸಣ್ಣ ಜಲಪಾತ, ಹೊಗೆ ಬಿಡುವ ಪುಟ್ಟ ಜ್ವಾಲಾಮುಖಿ ಮಾಡಿಸಿದರು. 1940ರಲ್ಲಿ ಹಾಳುಬಿದ್ದ ಗಣಿ ಊರುಗಳ ಮರದ ಮನೆಗಳನ್ನು ಕಿತ್ತು ತಂದು ಒಂದು ಹಳೇ ಬೀದಿಯನ್ನೇ ನಿಲ್ಲಿಸತೊಡಗಿದರು. ಅವರ ಅಜ್ಜಿ ಕಮಾನು ಹೊದಿಸಿದ ಬಂಡಿಯಲ್ಲಿ ಮರುಭೂಮಿ ದಾಟಿ ಬಂದವರು. ಆ ಕಥೆಯನ್ನೂ ಅಲ್ಲಿ ಪ್ರದರ್ಶನವಾಗಿ ತೋರಿಸಿದರು. 1952ರಲ್ಲಿ ಉಗಿಬಂಡಿ ಬಂತು. ಅಮೆರಿಕದ ದೊಡ್ಡ ಥೀಮ್ ಪಾರ್ಕುಗಳಲ್ಲೊಂದಾದ ನಾಟ್ಸ್ ಬೆರಿ ಫಾರ್ಮ್ ಹುಟ್ಟಿದ್ದು ಹೀಗೆ, ಊಟಕ್ಕೆ ಕಾಯುವವರ ಹೊತ್ತು ಹೋಗಲೆಂದು.

ಸುತ್ತ ಬೇಲಿ ಹಾಕಿ ಪ್ರವೇಶಕ್ಕೆ ದುಡ್ಡು ತೆಗೆದುಕೊಳ್ಳಲು ಶುರುಮಾಡಿದ್ದು 1968ರಲ್ಲಿ. ಕಾರ್ಡೀಲಿಯಾ ಅವರ ಹೋಟೆಲು ಈಗಲೂ ಆ ಬೇಲಿಯ ಹೊರಗೇ ಇದೆ. ಟಿಕೆಟ್ ಕೊಳ್ಳದೆ ಯಾರು ಬೇಕಾದರೂ ಹೋಗಿ ಕೂತು ಉಣ್ಣಬಹುದು. ನನ್ನ ಪ್ರಕಾರ ಈ ಇಡೀ ಚರಿತ್ರೆಯ ಬೀಗದ ಕೈ ಇರುವುದು ಅಲ್ಲಿ. ಊಟ ಗೇಟಿನ ಹೊರಗಿದ್ದರೆ ಅದು ಗಿರಾಕಿಯನ್ನು ದಿನವೂ ಹೊಸದಾಗಿ ಸಂಪಾದಿಸಬೇಕು. ಒಳಗಿದ್ದರೆ ಗಿರಾಕಿ ಮೊದಲೇ ಸಿಕ್ಕಿಬಿದ್ದಿರುತ್ತಾನೆ.

ನಾನು ಕೋಳಿ ತಿನ್ನುವವನಲ್ಲ, ಹಾಗಾಗಿ ಕಾರ್ಡೀಲಿಯಾ ಅವರ ಕೈರುಚಿಗೆ ನನ್ನಿಂದ ಸಾಕ್ಷಿ ಸಿಗದು. ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದು ಶಿವಮೊಗ್ಗದಲ್ಲಿ ಹೋಟೆಲು ಇಟ್ಟ ಮನೆತನ ನಮ್ಮದು. ಅಪ್ಪ ಒಲೆಯ ಹತ್ತಿರ, ಚಿಕ್ಕಪ್ಪ ಸ್ಟೋರಿನಲ್ಲಿ, ನಾನು ಗಲ್ಲಾದಲ್ಲಿ. ಗಲ್ಲಾದಲ್ಲಿ ಕೂತವನಿಗೆ ಸಾರಿನ ಹದ ಗೊತ್ತಾಗದಿರಬಹುದು, ಒಂದು ಕುರ್ಚಿಗೆ ಬೆಳಿಗ್ಗೆಯಿಂದ ಎಷ್ಟು ಜನ ಕೂತು ಎದ್ದರು ಎಂಬುದು ಗೊತ್ತಾಗುತ್ತದೆ. ಈಗ ಮಗ ಲಾಸ್ ಏಂಜಲೀಸಿನಲ್ಲಿದ್ದಾನೆ. ಅಲ್ಲಿಗೆ ಹೋದಾಗ ಮೊಮ್ಮಕ್ಕಳು ಎಳೆದುಕೊಂಡು ಹೋಗುವುದು ಇಂಥ ಪಾರ್ಕುಗಳಿಗೇ. ಅವರು ರೈಡಿನ ಸಾಲಿನಲ್ಲಿ ನಿಂತರೆ ನಾನು ಹೋಟೆಲಿನ ಎದುರು ಕಲ್ಲುಬೆಂಚಿನ ಮೇಲೆ ಕೂತು ಕುರ್ಚಿ ಎಣಿಸುತ್ತೇನೆ. ಹಳೇ ಚಟ.

ಅಂಥ ಒಂದು ರೆಸಾರ್ಟಿನಲ್ಲಿ, ಯಾವುದೆಂಬುದು ಬೇಡ, ಮಗ ಮೊದಲೇ ಕಾದಿರಿಸಿದ ಮೇಜಿನಲ್ಲಿ ಊಟ ಮಾಡಿದೆವು. ಗೋಡೆ ತುಂಬ ಸಮುದ್ರದ ಚಿತ್ರ, ಮೇಲೆ ಬಣ್ಣ ಬಳಿದ ಸಂಜೆಯ ಆಕಾಶ. ನನ್ನ ಮುಂದೆ ಬಂದದ್ದು ತರಕಾರಿ ಪಾಸ್ತಾ: ಅಂಚಿನಲ್ಲಿ ಒಣಗಿ ಕಡ್ಡಿಯಾಗಿತ್ತು, ನಡುವೆ ತಣ್ಣಗಿತ್ತು. ಸೊಸೆಯ ತಟ್ಟೆಯ ಬೀನ್ಸು ಹಸಿರನ್ನೇ ಮರೆತಿತ್ತು. ಬಿಲ್ಲು ನೋಡಿದ ಮಗ ಅದನ್ನು ನನ್ನ ಕಡೆ ತಿರುಗಿಸಲೇ ಇಲ್ಲ. ಬಡಿಸಿದ ಹುಡುಗ ಮಾತ್ರ ಬಹಳ ಒಳ್ಳೆಯವನು, ಪಾಪ, ಕ್ಷಣಕ್ಕೊಮ್ಮೆ ಬಂದು ಎಲ್ಲ ಚೆನ್ನಾಗಿದೆಯಾ ಎಂದು ಕೇಳುತ್ತಿದ್ದ. ನಾನು ಅವನನ್ನಾಗಲಿ ಒಳಗಿನ ಅಡುಗೆಯವನನ್ನಾಗಲಿ ದೂರುವುದಿಲ್ಲ. ಆ ಪಾಸ್ತಾ ಕೆಟ್ಟಿದ್ದು ಒಲೆಯ ಮೇಲಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲು, ನಕ್ಷೆಯ ಹಾಳೆಯ ಮೇಲೆ.

ಆ ನಕ್ಷೆಯ ಮೊದಲ ಗೆರೆ ಬಿದ್ದದ್ದು ಬ್ಯೂನಾ ಪಾರ್ಕಿಗೆ ಕೆಲವೇ ಮೈಲಿ ದೂರದ ಅನಹೈಮಿನಲ್ಲಿ. ಕಿತ್ತಳೆ ತೋಟಗಳನ್ನು ಕಡಿದು ವಾಲ್ಟ್ ಡಿಸ್ನಿ ಕಟ್ಟಿದ ಡಿಸ್ನಿಲ್ಯಾಂಡು 1955ರ ಜುಲೈ 17ರಂದು ಬಾಗಿಲು ತೆರೆಯಿತು. ಆಹ್ವಾನಿತರಿಗೆ ಮಾತ್ರ ಎಂದಿದ್ದ ದಿನ ನಕಲಿ ಟಿಕೆಟ್ ಹಿಡಿದು, ಬೇಲಿ ಹಾರಿ, ಒಟ್ಟು 28,000ದಷ್ಟು ಜನ ನುಗ್ಗಿದರು. ಸುಡುಬಿಸಿಲು, ಹೊಸದಾಗಿ ಹಾಕಿದ್ದ ಟಾರು ಮೆತ್ತಗಾಗಿ ಹೆಂಗಸರ ಹಿಮ್ಮಡಿ ಚಪ್ಪಲಿಗಳನ್ನು ಹಿಡಿದುಕೊಂಡಿತು. ಹೋಟೆಲುಗಳಲ್ಲಿ ತಿನ್ನುವುದೂ ಕುಡಿಯುವುದೂ ಮುಗಿದುಹೋಯಿತು. ಕುಡಿಯುವ ನೀರಿನ ನಲ್ಲಿಗಳೂ ಸಾಕಷ್ಟಿರಲಿಲ್ಲ. ಪ್ಲಂಬರುಗಳ ಮುಷ್ಕರದಿಂದಾಗಿ ನಲ್ಲಿ ಬೇಕೋ ಶೌಚಾಲಯ ಬೇಕೋ ಎಂಬ ಪ್ರಶ್ನೆ ಬಂದಾಗ ಡಿಸ್ನಿ ಶೌಚಾಲಯ ಆರಿಸಿದ್ದರಂತೆ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ. ಆದರೆ ಪತ್ರಿಕೆಯವರು ಇದು ಪೆಪ್ಸಿ ಮಾರುವ ಉಪಾಯ ಎಂದು ಅನುಮಾನಪಟ್ಟರು. ಗೇಟಿನ ಒಳಗೆ ಬಾಯಾರಿದವನಿಗೆ ಇಂಥ ಅನುಮಾನ ಬಂದೇ ಬರುತ್ತದೆ.

ಆ ದಿನಗಳಲ್ಲಿ ಡಿಸ್ನಿಯವರೇ ಅಡುಗೆ ಮಾಡಿಸುತ್ತಿದ್ದುದು ಕಡಿಮೆ. ಪಾರ್ಕು ಕಟ್ಟಲು ದುಡ್ಡು ಬೇಕಿತ್ತು, ಅದಕ್ಕಾಗಿ ಒಳಗಿನ ಜಾಗಗಳನ್ನು ಬಾಡಿಗೆಗೆ ಕೊಟ್ಟರು. ಮಾಂಸದ ಕಂಪನಿ ಸ್ವಿಫ್ಟ್‌ಗೆ ಒಂದು ದೊಡ್ಡ ಊಟದ ಮನೆ, ಡಬ್ಬಿ ಮೀನಿನ ಕಂಪನಿಗೆ ಒಂದು ಕಡಲುಗಳ್ಳರ ಹಡಗು, ಕುರುಕಲು ತಿಂಡಿಯ ಫ್ರಿಟೋಸ್‌ಗೆ ಒಂದು ಮೆಕ್ಸಿಕನ್ ಹೋಟೆಲು. ಇವರಿಗೆಲ್ಲ ಅದು ಜಾಹೀರಾತಿನ ಫಲಕವಾಗಿತ್ತು, ಜೊತೆಗೆ ಉಣ್ಣಲೂ ಸಿಗುತ್ತಿತ್ತು ಅಷ್ಟೆ. ಡಿಸ್ನಿಯ ಸ್ವಂತ ನಾಲಿಗೆಯೂ ಅಂಥ ಶೋಕಿಯದಲ್ಲ. ಡಬ್ಬಿ ಒಡೆದು ಬಿಸಿಮಾಡಿದ ಬೀನ್ಸು ಮತ್ತು ಚಿಲಿ ಅವರಿಗೆ ಬಲು ಇಷ್ಟ, ಎರಡು ಬೇರೆ ಬೇರೆ ಕಂಪನಿಯ ಡಬ್ಬಿ ಬೆರೆಸಿದರೆ ಇನ್ನೂ ಇಷ್ಟ. ಯಜಮಾನನ ನಾಲಿಗೆ ಹೇಗೋ ಹೋಟೆಲೂ ಹಾಗೆ ಎನ್ನುವುದು ನಮ್ಮ ಕಸುಬಿನ ನಂಬಿಕೆ.

1963ರ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಹಾಡುವ ಯಂತ್ರದ ಹಕ್ಕಿಗಳಿರುವ ಟಿಕಿ ರೂಮ್ ಎಂಬ ಮನೆಯನ್ನು ಡಿಸ್ನಿಯವರು ಮೊದಲು ಯೋಚಿಸಿದ್ದು ಹೋಟೆಲಾಗಿ. ಜನ ಉಣ್ಣುತ್ತಿರುವಾಗ ತಲೆಯ ಮೇಲೆ ಗಿಳಿಗಳು ಹಾಡಬೇಕು. ಆಮೇಲೆ ಹೊಳೆಯಿತು, ಗಿಳಿ ಹಾಡುತ್ತಿದ್ದರೆ ಯಾರೂ ಮೇಜು ಬಿಟ್ಟು ಏಳುವುದಿಲ್ಲ. ಊಟ ಬಿಟ್ಟು ಬರೀ ಆಟ ಉಳಿಸಿಕೊಂಡರು. ಕುರ್ಚಿ ಖಾಲಿಯಾಗಬೇಕೆಂಬ ಲೆಕ್ಕಕ್ಕೂ ನೋಡುವ ಸುಖಕ್ಕೂ ಹೊಂದುವುದಿಲ್ಲ ಎಂದು ಅವರಿಗೆ ಅಷ್ಟು ಬೇಗ ಗೊತ್ತಾಗಿತ್ತು. ಗೊತ್ತಿದ್ದೂ 1967ರಲ್ಲಿ ಕಡಲುಗಳ್ಳರ ದೋಣಿ ಸವಾರಿಯ ಒಳಗೇ ಬ್ಲೂ ಬಾಯು ಎಂಬ ಹೋಟೆಲು ತೆರೆದರು. ಅಲ್ಲಿ ಹಗಲು ಹನ್ನೆರಡಕ್ಕೂ ಮುಸ್ಸಂಜೆ, ಮಿಂಚುಹುಳ, ನೀರಿನ ಮೇಲೆ ದೋಣಿ. ಜನ ಅಲ್ಲಿ ತೆತ್ತ ದುಡ್ಡಿನಲ್ಲಿ ಎಷ್ಟು ಪಾಲು ಊಟಕ್ಕೆ, ಎಷ್ಟು ಪಾಲು ಮುಸ್ಸಂಜೆಗೆ ಎಂದು ಯಾವ ಗಲ್ಲಾದವನೂ ಹೇಳಲಾರ. ಆಕಾಶಕ್ಕೆ ಬಣ್ಣ ಬಳಿದು ಊಟ ಮಾರುವ ಪದ್ಧತಿ ಅಲ್ಲಿ ನೆಲೆನಿಂತಿತು.

ಹಾಗೆಂದು ಗೇಟಿನ ಒಳಗೆ ಒಳ್ಳೆಯ ಊಟ ಸಾಧ್ಯವೇ ಇಲ್ಲ ಎಂದರೆ ಸುಳ್ಳಾಗುತ್ತದೆ. 1982ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ಡಿಸ್ನಿಯ ಎಪ್ಕಾಟ್ ಪಾರ್ಕು ತೆರೆದಾಗ ಅದರ ಫ್ರೆಂಚ್ ಹೋಟೆಲಿನ ಹಿಂದೆ ನಿಂತವರು ಪಾಲ್ ಬೊಕ್ಯೂಸ್, ರೋಜೆ ವೆರ್ಜೆ, ಗ್ಯಾಸ್ತೋ ಲೆನೋತ್ರ್. ಫ್ರಾನ್ಸಿನಲ್ಲೇ ತಲೆಬಾಗುವಂಥ ಹೆಸರುಗಳು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಮನಸ್ಸು ಬೇರೆ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತು ವರ್ಷ ಕಾದು ಫ್ರಾನ್ಸಿಗೇ ಹೋಗಬೇಕು.

ಪ್ಯಾರಿಸಿನ ಪೂರ್ವಕ್ಕೆ 32 ಕಿಲೋಮೀಟರು, ಮಾರ್ನ್-ಲಾ-ವಲೆ. ಸಕ್ಕರೆ ಬೀಟ್‌ರೂಟ್ ಬೆಳೆಯುತ್ತಿದ್ದ ಹೊಲಗಳು. 1992ರ ಏಪ್ರಿಲ್ 12ರಂದು ಅಲ್ಲಿ ಯೂರೋ ಡಿಸ್ನಿ ತೆರೆಯಿತು. ಅನಹೈಮಿನಲ್ಲಿ ಹೊರಗಿನವರು ಹೋಟೆಲು ಕಟ್ಟಿ ಲಾಭ ಮಾಡಿಕೊಂಡದ್ದನ್ನು ನೋಡಿದ್ದ ಕಂಪನಿ ಈ ಸಲ ಒಂದು ಕೋಣೆಯನ್ನೂ ಬೇರೆಯವರಿಗೆ ಬಿಡಬಾರದೆಂದು ಮೊದಲ ದಿನಕ್ಕೇ ಆರು ಹೋಟೆಲು ಕಟ್ಟಿತು. ಒಟ್ಟು ಸುಮಾರು 5,200 ಕೋಣೆ. ಹಾಸಿಗೆಗಳನ್ನು ಅಷ್ಟು ಧಾರಾಳವಾಗಿ ಹಾಕಿದವರು ಬೆಳಗಿನ ತಿಂಡಿಯ ಕುರ್ಚಿಗಳನ್ನು ಮಾತ್ರ ಕಡಿತ ಮಾಡಿದರು. ಯುರೋಪಿನವರು ತಿಂಡಿ ತಿನ್ನುವುದಿಲ್ಲ, ಒಂದು ಕಾಫಿ, ಒಂದು ಕ್ರೊಸಾಂ, ಮುಗಿಯಿತು ಎಂದು ಯಾರೋ ಸಲಹೆ ಕೊಟ್ಟಿದ್ದರಂತೆ.

ಬೆಳಗಾದರೆ ಎಲ್ಲರೂ ತಿಂಡಿಗೆ ಹಾಜರು. ಕ್ರೊಸಾಂ ಅಲ್ಲ, ಮೊಟ್ಟೆ ಬೇಕು, ಬೇಕನ್ ಬೇಕು. ಕೆಲವು ಹೋಟೆಲುಗಳಲ್ಲಿ 350 ಕುರ್ಚಿಗಳಲ್ಲಿ 2,500 ತಿಂಡಿ ಬಡಿಸಬೇಕಾಗಿ ಬಂತು ಎಂದು ಕಂಪನಿಯವರೇ ಆಮೇಲೆ ಪತ್ರಿಕೆಗೆ ಒಪ್ಪಿಕೊಂಡರು.

ಈ ಲೆಕ್ಕ ಓದಿದ ದಿನ ನಾನು ಕಾಗದ ಪೆನ್ಸಿಲು ಹಿಡಿದು ಕೂತೆ. ಒಂದು ಕುರ್ಚಿಗೆ ಏಳು ಜನ. ಏಳರಿಂದ ಹತ್ತು ಗಂಟೆ ತಿಂಡಿ ಎಂದಿಟ್ಟುಕೊಂಡರೆ ಒಬ್ಬನಿಗೆ ಇಪ್ಪತ್ತೈದು ನಿಮಿಷ. ನಮ್ಮ ಹೋಟೆಲಿನಲ್ಲಿ ಜಾತ್ರೆಯ ದಿನ ಇದಕ್ಕಿಂತ ಬೇಗ ಕುರ್ಚಿ ತಿರುಗುತ್ತಿತ್ತು, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಇಡ್ಲಿ ಹಬೆಯಲ್ಲಿ ಸಿದ್ಧವಿರುತ್ತದೆ, ಚಟ್ನಿ ರುಬ್ಬಿ ಆಗಿರುತ್ತದೆ, ಮಾಣಿ ಕೈಯಲ್ಲಿ ನಾಲ್ಕು ತಟ್ಟೆ ಹಿಡಿದೇ ಬರುತ್ತಾನೆ. ಗಿರಾಕಿಗೂ ಬಸ್ಸು ಹಿಡಿಯುವ ಅವಸರ. ಹೊಗೆಯಾಡುವ ದೋಸೆ ಕೇಳುವವನು ಮಾತ್ರ ಕಾಯಬೇಕು, ಅದು ಅವನಿಗೂ ಗೊತ್ತು. ಅಲ್ಲಿ ಹಾಗಲ್ಲ. ಮೂರು ಮಕ್ಕಳ ಸಂಸಾರ, ರಜೆಯ ಮೊದಲ ಬೆಳಿಗ್ಗೆ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಮೊಟ್ಟೆ, ಮೇಲೊಂದು ಕಾಫಿ. ಇಪ್ಪತ್ತೈದು ನಿಮಿಷದಲ್ಲಿ ಅವರು ಕುರ್ಚಿ ಎಳೆದು ಕೂರುವುದೂ ಮುಗಿದಿರುವುದಿಲ್ಲ. ಇಂಥ ಒತ್ತಡದಲ್ಲಿ ಎಂಥ ಅಡುಗೆಯವನಾದರೂ ಮಾಡುವುದು ಒಂದೇ: ನೂರು ಮೊಟ್ಟೆ ಮೊದಲೇ ಬೇಯಿಸಿ ದೀಪದ ಕೆಳಗೆ ಇಡುವುದು. ಆ ತಿಂಡಿ ರುಚಿ ಕಳೆದುಕೊಳ್ಳುವುದು ಅಲ್ಲೇ. ಕೊನೆಗೆ ಪೊಟ್ಟಣ ಕಟ್ಟಿದ ತಿಂಡಿಯನ್ನು ಕೋಣೆ ಬಾಗಿಲಿಗೇ ತಲುಪಿಸುವ ಏರ್ಪಾಡು ಮಾಡಿದರು. ದುಬಾರಿ ಹೋಟೆಲಿನ ಹಾಸಿಗೆಯ ಮೇಲೆ ಕೂತು ಡಬ್ಬಿ ಬಿಚ್ಚಿ ತಿನ್ನುವ ಸುಖ!

ಮಧ್ಯಾಹ್ನದ್ದು ಇನ್ನೊಂದು ಕಥೆ. ಅಮೆರಿಕದ ಪಾರ್ಕುಗಳಲ್ಲಿ ಜನ ದಿನವಿಡೀ ಅಡ್ಡಾಡುತ್ತ ಮೇಯುತ್ತಾರೆ, ಹನ್ನೊಂದಕ್ಕೆ ಒಂದು ಹಾಟ್‌ಡಾಗ್, ಮೂರಕ್ಕೆ ಒಂದು ಐಸ್‌ಕ್ರೀಮು. ಅಡುಗೆಮನೆಗಳ ಅಳತೆ ಹಾಕಿದ್ದು ಆ ಹೊಟ್ಟೆಗೆ. ಫ್ರೆಂಚರು ಹನ್ನೆರಡೂವರೆಗೆ ಊಟಕ್ಕೆ ಕೂರುವವರು, ಎಲ್ಲರೂ ಒಟ್ಟಿಗೆ, ಮೇಜು ಕುರ್ಚಿ ಹಾಕಿಕೊಂಡು. ಹನ್ನೆರಡೂವರೆಗೆ ಹೋಟೆಲುಗಳ ಮುಂದೆ ಸಾಲೋ ಸಾಲು, ಎರಡೂವರೆಗೆ ಖಾಲಿ. ಸಾಲಿನಲ್ಲಿ ನಿಂತು ಕೊನೆಗೆ ಒಳಗೆ ಹೋದವನಿಗೆ ವೈನ್ ಇಲ್ಲ! ಮಕ್ಕಳ ಜಾಗದಲ್ಲಿ ಮದ್ಯ ಬೇಡವೆಂಬ ಅನಹೈಮಿನ ನಿಯಮವನ್ನು ಗಂಟುಕಟ್ಟಿ ಫ್ರಾನ್ಸಿಗೂ ತಂದಿದ್ದರು. ನಾನು ಮದ್ಯ ಮುಟ್ಟದವನು, ಆದರೂ ಅವರ ಸಿಟ್ಟು ಅರ್ಥವಾಗುತ್ತದೆ. ನಮ್ಮ ಕಡೆ ಊಟದ ಕೊನೆಗೆ ಮಜ್ಜಿಗೆ ಇಲ್ಲ ಎಂದು ಕಾನೂನು ಮಾಡಿದರೆ ಜನ ಸುಮ್ಮನಿರುತ್ತಾರೆಯೇ?

ಫ್ರೆಂಚರು ತಮಗೆ ತಿಳಿದಂತೆ ಉತ್ತರ ಕೊಟ್ಟರು. ಪ್ಯಾರಿಸಿನ ಉಪನಗರ ರೈಲು ಪಾರ್ಕಿನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಬೆಳಿಗ್ಗೆ ಬಂದು ರಾತ್ರಿ ಮನೆಗೆ ಹೋಗಿ ಉಂಡರು. ಮನೆಯಿಂದ ಬುತ್ತಿ ತಂದವರೂ ಬಹಳ. ಒಳಗೆ ಬುತ್ತಿ ಬಿಚ್ಚಬಾರದು ಎಂಬ ನಿಯಮವಿತ್ತು, ಬಿಚ್ಚುವವರಿಗಾಗಿ ಗೇಟಿನ ಹೊರಗೊಂದು ಜಾಗ. ಜೂನ್ ತಿಂಗಳಲ್ಲಿ ರೈತರು ಅಮೆರಿಕದ ಕೃಷಿ ನೀತಿಯ ಮೇಲಿನ ಸಿಟ್ಟಿಗೆ ಟ್ರ್ಯಾಕ್ಟರು ತಂದು ದಾರಿ ಅಡ್ಡಗಟ್ಟಿದರು. ಅದಕ್ಕೂ ಊಟಕ್ಕೂ ನೇರ ಸಂಬಂಧವಿಲ್ಲ, ಕಂಪನಿಯ ಗ್ರಹಚಾರ ಎಂದುಕೊಳ್ಳಿ. ಸಾಲದ ಬಡ್ಡಿ, ಯುರೋಪಿನ ಆರ್ಥಿಕ ಹಿಂಜರಿತ, ಕಟ್ಟಿದ ಕೋಣೆ ತುಂಬದೆ ಹೋದದ್ದು ಎಲ್ಲ ಸೇರಿ 1993ರ ಲೆಕ್ಕದ ವರ್ಷದಲ್ಲಿ 530 ಕೋಟಿ ಫ್ರಾಂಕ್ ನಷ್ಟ ತೋರಿಸಬೇಕಾಯಿತು. ಬರೀ ಮೊಟ್ಟೆಯಿಂದ ಇಷ್ಟು ನಷ್ಟ ಆಗುವುದಿಲ್ಲ, ನಾನೇನೂ ಹಾಗೆ ಹೇಳುತ್ತಿಲ್ಲ.

ಮೊದಲ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ಪ್ಯಾಟ್ರಿಕ್ ಫ್ರೆಂಚ್ ಚೆನ್ನಾಗಿ ಬಲ್ಲವರು, ಕಲಾಶಾಲೆಯೊಂದರ ಅಧ್ಯಕ್ಷರಾಗಿದ್ದವರು. 1993ರಲ್ಲಿ ಅವರ ಕುರ್ಚಿಗೆ ಬಂದ ಫಿಲಿಪ್ ಬುರ್ಗಿನ್ಯೋ ಹೋಟೆಲು ಕಸುಬಿನವರು, ಆಕೋರ್ ಹೋಟೆಲು ಕಂಪನಿಯಲ್ಲಿ ಪಳಗಿದವರು. ಅದೇ ವರ್ಷ ಮೇಜಿನಲ್ಲಿ ಕೂತು ಉಣ್ಣುವ ಕಡೆ ವೈನ್ ಬಂತು. ಹೋಟೆಲಿನವನನ್ನು ತಂದು ಕೂರಿಸಿದ ಕೂಡಲೇ ಇದಾಯಿತು ಎಂದು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ, ಮುಚ್ಚಿಡುವುದೇಕೆ. ಫ್ಲಾರಿಡಾದ ಮ್ಯಾಜಿಕ್ ಕಿಂಗ್ಡಮ್ ಅದೇ ನಿಯಮ ಸಡಿಲಿಸಲು 2012ರವರೆಗೆ ತೆಗೆದುಕೊಂಡಿತು. 1971ರಲ್ಲಿ ಡಿಸ್ನಿ ತೆರೆದ ಪಾರ್ಕು ಅದು. ಅಲ್ಲಿನ ಜನ ಗಲಾಟೆ ಮಾಡಲಿಲ್ಲ, ರೈಲು ಹತ್ತಿ ಮನೆಗೂ ಹೋಗಲಿಲ್ಲ.

ಹೋಗುವುದಾದರೂ ಹೇಗೆ? ಫ್ಲಾರಿಡಾದ ರೆಸಾರ್ಟಿನ ಒಳಗೆ ನಿಂತರೆ ಹೊರಗಿನ ಹೋಟೆಲಿಗೆ ಕಾರಿಲ್ಲದೆ ದಾರಿಯಿಲ್ಲ. 2005ರಲ್ಲಿ ಡಿಸ್ನಿ ಎರಡು ಕೆಲಸ ಮಾಡಿತು. ಒಂದು, ವಿಮಾನ ನಿಲ್ದಾಣದಿಂದ ತನ್ನ ಹೋಟೆಲುಗಳಿಗೆ ಪುಕ್ಕಟೆ ಬಸ್ಸು. ಬಂದವರು ಕಾರು ಬಾಡಿಗೆಗೆ ತೆಗೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಇನ್ನೊಂದು, ಕೋಣೆಯ ಜೊತೆಗೇ ಊಟಕ್ಕೂ ಮುಂಗಡ ದುಡ್ಡು ಕಟ್ಟುವ ಪ್ಲಾನು. ವ್ಯಾಪಾರ ತಣ್ಣಗಿರುವ ತಿಂಗಳುಗಳಲ್ಲಿ ಕೋಣೆ ಹಿಡಿದವರಿಗೆ ಆ ಪ್ಲಾನು ಉಚಿತ ಎಂದೂ ಸಾರಿದರು. ಪುಕ್ಕಟೆ ಬಸ್ಸು, ಪುಕ್ಕಟೆ ಊಟ! ಕಸುಬಿನವನಾಗಿ ನಾನು ಟೋಪಿ ತೆಗೆಯುತ್ತೇನೆ. ಒಂದು ಕೈ ಗೇಟು ಹಾಕಿತು, ಇನ್ನೊಂದು ಕೈ ಗಲ್ಲಾ ತೆರೆಯಿತು.

ಈ ಪ್ಲಾನಿನಲ್ಲಿ ಊಟಕ್ಕೆ ಒಂದು ಟೋಕನ್ ಇದ್ದಂತೆ. ಮೇಜಿನಲ್ಲಿ ಕೂತು ಉಣ್ಣುವ ಹೆಚ್ಚಿನ ಹೋಟೆಲುಗಳಲ್ಲಿ ಒಂದು ಟೋಕನ್‌ಗೆ ಏನು ಬೇಕಾದರೂ ಆರಿಸಿಕೊಳ್ಳಬಹುದು. ಹೀಗಿರುವಾಗ ಉಣ್ಣುವವನು ಹಸಿವು ನೋಡುತ್ತಾನೋ ಬೆಲೆ ನೋಡುತ್ತಾನೋ? ಪಟ್ಟಿಯಲ್ಲಿ ಅತಿ ದುಬಾರಿ ಯಾವುದೋ ಅದರ ಮೇಲೆ ಬೆರಳಿಡುತ್ತಾನೆ. ಎಲ್ಲ ಮೇಜಿನಿಂದಲೂ ದುಬಾರಿ ಮಾಂಸಕ್ಕೇ ಬೇಡಿಕೆ ಬಂದರೆ ಅಡುಗೆಮನೆ ಅದನ್ನು ಸಣ್ಣದು ಮಾಡುತ್ತದೆ, ಇಲ್ಲವೇ ಪಟ್ಟಿಯಿಂದ ತೆಗೆಯುತ್ತದೆ. ಬೇರೆ ಬೇರೆ ದೇಶದ ಹೆಸರು ಹೊತ್ತ ಹೋಟೆಲುಗಳ ಪಟ್ಟಿಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಆಗತೊಡಗಿದವು ಎಂದು ಹಳೇ ಗಿರಾಕಿಗಳು ಗೊಣಗಿದ್ದು ಆಗಲೇ. ಮೊದಲು ಟೋಕನ್ನಿನಲ್ಲೇ ಸೇರಿದ್ದ ಆರಂಭದ ತಿನಿಸು ಮತ್ತು ಟಿಪ್ಸು 2008ರಲ್ಲಿ ಹೊರಬಿದ್ದವು. ಒಳ್ಳೆಯ ಹೋಟೆಲುಗಳ ಮೇಜು ಹಿಡಿಯಲು 180 ದಿನ ಮುಂಚೆ ಬುಕಿಂಗು ತೆರೆಯುತ್ತಿತ್ತು. ಆರು ತಿಂಗಳ ಆಚೆಯ ಒಂದು ಮಂಗಳವಾರ ಸಂಜೆ ಐದೂ ಮುಕ್ಕಾಲಿಗೆ ತಮಗೆ ಹಸಿವಾಗುತ್ತದೆ ಎಂದು ಜನ ಬರೆದುಕೊಟ್ಟರು.

2020ರಲ್ಲಿ ಕೋವಿಡ್ ಬಂದಾಗ ಪ್ಲಾನು ನಿಂತಿತು. ಕೆಲವರು ಅದು ತೊಲಗಿತೆಂದು ಸಂತೋಷಪಟ್ಟರು. 2024ರ ಜನವರಿಯಲ್ಲಿ ಮತ್ತೆ ಬಂತು, ಕೇಳಿದವರೂ ಅಷ್ಟೇ ಜೋರಾಗಿದ್ದರು ಎಂದರ್ಥ. ಮಗನ ಸ್ನೇಹಿತರಲ್ಲಿ ಅದನ್ನು ಹೊಗಳುವವರಿದ್ದಾರೆ. ಒಮ್ಮೆ ಕಟ್ಟಿಬಿಟ್ಟರೆ ಆಮೇಲೆ ಬೆಲೆ ನೋಡಿ ಎದೆ ಒಡೆದುಕೊಳ್ಳುವುದಿಲ್ಲ ಅಂಕಲ್, ಎನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಆದರೆ ಬಳಸದೆ ಉಳಿದ ಟೋಕನ್‌ಗಳು ಕೋಣೆ ಬಿಡುವ ದಿನ ಮಧ್ಯರಾತ್ರಿಗೆ ಸತ್ತುಹೋಗುತ್ತವೆ, ದುಡ್ಡು ವಾಪಸಿಲ್ಲ. ಹೀಗಾಗಿ ಕೊನೆಯ ದಿನ ಕುರುಕಲು ಅಂಗಡಿಗಳಲ್ಲಿ ಹೊಟ್ಟೆ ತುಂಬಿದವರೇ ಸಾಲು ನಿಂತು, ಉಳಿದ ಟೋಕನ್ನು ಮುಗಿಸಲೆಂದು ಚಾಕಲೇಟು, ಮಿಠಾಯಿ, ನೀರಿನ ಬಾಟಲಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಗಲ್ಲಾದಲ್ಲಿ ಕೂತೆ, ಹಸಿವಿಲ್ಲದೆ ಸಾಲು ನಿಲ್ಲುವ ಗಿರಾಕಿಯನ್ನು ನಮ್ಮ ಹೋಟೆಲು ಒಮ್ಮೆಯೂ ಕಂಡಿರಲಿಲ್ಲ.